ಕಾಣದ ಮೈಯ ಬಣ್ಣ

ಹಬ್ಬಕ್ಕೆ ಮನೆಗೆ ಸುಣ್ಣ ಬಳಿಸುವಾಗ ಬೀದಿಯ ಗೋಡೆಗೆ ಎರಡು ಕೈ, ಹಿತ್ತಿಲ ಗೋಡೆಗೆ ಒಂದು ಕೈ ಎಂಬ ಲೆಕ್ಕವು ನಮ್ಮಲ್ಲಿ ಅನೇಕರಿಗೆ ರೂಢಿಯಾಗಿದೆ. ನಾವೂ ಆ ಲೆಕ್ಕದವರೇ ಆಗಿದ್ದೆವು. ಅದರಿಂದ ನಮಗೊದಗಿದ ನಷ್ಟವನ್ನೂ, ನಷ್ಟಕ್ಕಿಂತ ಹೆಚ್ಚಾದ ನಾಚಿಕೆಯನ್ನೂ ಈ ತಿಂಗಳು ವಾಚಕರ ಮುಂದಿಡುವುದು ಯುಕ್ತವೆಂದು ತೋರಿದೆ. ಏತಕ್ಕೆಂದರೆ ಹಿರಿಯರ ನೆನಪೆಂದು ಹಳೆಯ ಮೋಟಾರು ಗಾಡಿಯನ್ನು ಉಳಿಸಿಕೊಂಡಿರುವ ಗೃಹಸ್ಥರು ನಮ್ಮ ವಾಚಕರಲ್ಲಿಯೂ ಇರಬಹುದು.

ನಮ್ಮ ತೀರ್ಥರೂಪರು 1972ರಲ್ಲಿ ಕೊಂಡ ಅಂಬಾಸಿಡರ್ ಗಾಡಿಯು ಇಂದಿಗೂ ನಮ್ಮ ಮನೆಯಲ್ಲಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಮಾದರಿಯನ್ನು ಅನುಸರಿಸಿ, ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು 1950ರ ದಶಕದ ಕೊನೆಯಿಂದ 2014ರ ವರೆಗೆ ತಯಾರಿಸುತ್ತಿದ್ದ ಗಾಡಿ ಅದು. ಮೂರು ವರ್ಷಗಳ ಹಿಂದೆ ಮಗಳ ವಿವಾಹಕ್ಕೆ ಮುಂಚೆ ಅದಕ್ಕೆ ಹೊಸ ಬಣ್ಣ ಹಾಕಿಸಿದೆವು. ಬಣ್ಣ ಹಾಕಿದವನು ಒಂದು ಕಾಲಕ್ಕೆ ನಮ್ಮ ಶಿಷ್ಯನೇ. ಅವನು ಆಗಲೇ, "ಮೇಷ್ಟ್ರೇ, ಬಾನೆಟ್ಟಿನ ಒಳಗಡೆ ತುಕ್ಕು ಹಿಡಿದಿದೆ. ಬಿಚ್ಚಿ, ಕೆರೆದು, ಅಲ್ಲಿಗೂ ಬಣ್ಣ ಹೊಡೆಯಲೇ? ನಾಲ್ಕು ದಿವಸ ಹೆಚ್ಚು ಹಿಡಿಯುತ್ತದೆ" ಎಂದು ಕೇಳಿದನು. "ಅದನ್ನು ನೋಡುವವರಾರಪ್ಪಾ? ಮೇಲೆ ಮಿರುಗಿದರೆ ಸಾಕು" ಎಂದು ನಾವು ಉತ್ತರ ಕೊಟ್ಟೆವು.

ಕಳೆದ ಮಳೆಗಾಲದಲ್ಲಿ ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಬಣ್ಣವು ಬೊಬ್ಬೆಯೆದ್ದಿತು. ಮನೆಗೆ ನೆಂಟರಿಷ್ಟರು ಬಂದಿದ್ದ ದಿವಸ, ಜಗಲಿಯ ಮೇಲೆ ಹತ್ತು ಜನರೆದುರಿಗೆ, "ಪಾಠದಲ್ಲಿ ಮಾಡುತ್ತಿದ್ದ ಕಳ್ಳಾಟವನ್ನೇ ಕೆಲಸದಲ್ಲಿಯೂ ಮಾಡಿದ್ದಾನೆ" ಎಂದುಬಿಟ್ಟೆವು. ಅವನಿಗೆ ಗಾಡಿ ಕೊಡಬೇಕೆಂದಿದ್ದ ಇಬ್ಬರು ಈ ಮಾತನ್ನು ಕೇಳಿ ಬೇರೆಡೆಗೆ ಹೋದರು. ಮಾತು ಅವನ ಕಿವಿಗೂ ಬಿತ್ತು. ಒಂದು ಬೆಳಿಗ್ಗೆ ಅವನೇ ಬಂದು, ಬಾನೆಟ್ಟನ್ನು ಎತ್ತಿ, ಒಳ ಅಂಚಿನ ಮಡಿಕೆಗೆ ತಿರುಪುಳಿಯ ಮೊನೆಯನ್ನು ಒತ್ತಿದನು. ಮೊನೆಯು ತಗಡನ್ನು ತೂರಿ ಹೊರಗೆ ಬಂದಿತು. "ಬಣ್ಣ ಮೇಲಿನಿಂದ ಕೆಟ್ಟದ್ದಲ್ಲ, ಮೇಷ್ಟ್ರೇ" ಎಂದಷ್ಟೇ ಹೇಳಿ ಸುಮ್ಮನಾದನು.

ಇದರ ಕಾರಣವು ಸುಲಭವಾಗಿದೆ. ಬಾನೆಟ್ಟಿನ ತಗಡಿನ ಅಂಚನ್ನು ಒಳಕ್ಕೆ ಮಡಿಸಿರುವ ಎಡೆಯಲ್ಲಿಯೂ, ಬಲಕ್ಕಾಗಿ ಪಟ್ಟಿಗಳನ್ನು ಬೆಸೆದಿರುವ ಎಡೆಯಲ್ಲಿಯೂ ಸಣ್ಣ ಸಂದುಗಳು ಉಳಿದಿರುತ್ತವೆ. ಮಳೆಯ ನೀರೂ ಇಬ್ಬನಿಯೂ ಅಲ್ಲಿ ಸೇರಿ ಒಣಗದೆ ನಿಲ್ಲುತ್ತವೆ. ಧೂಳು ಆ ತೇವವನ್ನು ಹಿಡಿದಿಡುತ್ತದೆ. ಬ್ಯಾಟರಿಯ ಆಮ್ಲದ ಆವಿಯೂ ಇಂಜಿನಿನ ಕಾವೂ ಹಳೆಯ ಬಣ್ಣವನ್ನು ಸಡಿಲಿಸುತ್ತವೆ. ಬಾಲಕರಿಗೆ ನಾವು ಮೂವತ್ತು ವರ್ಷ ಸಂಧಿಪ್ರಕರಣವನ್ನು ಬೋಧಿಸಿದವರು. ಕಬ್ಬಿಣದ ಸಂಧಿಯಲ್ಲಿಯೂ ಅದೇ ಮೂರು ಕಾರ್ಯಗಳುಂಟೆಂಬುದು ನಮಗೆ ಆಗ ಹೊಳೆಯಲಿಲ್ಲ: ಮೊದಲು ನೀರಿನ ಆಗಮ, ಬಳಿಕ ಕಬ್ಬಿಣದ ಸ್ಥಾನದಲ್ಲಿ ತುಕ್ಕಿನ ಆದೇಶ, ಕೊನೆಗೆ ತಗಡಿನ ಲೋಪ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಎಡೆಯನ್ನು ಬೇಡುವುದರಿಂದ ಮೇಲಿನ ಬಣ್ಣವನ್ನು ಎತ್ತಿಬಿಡುತ್ತದೆ. ನಾವು ಬೊಬ್ಬೆಯೆಂದು ಕಂಡದ್ದು ಇದನ್ನೇ.

ಆ ಬಳಿಕ ಎಂಟು ದಿವಸ ನಾವು ಅವನ ಮಗ್ಗುಲಲ್ಲಿ ನಿಂತು ಕೆಲಸವನ್ನು ಕಲಿತೆವು. ಅದರ ಕ್ರಮ ಹೀಗಿದೆ.

ಮೊದಲು ಬ್ಯಾಟರಿಯ ಋಣಧ್ರುವದ ತಂತಿಯನ್ನು ಬಿಚ್ಚತಕ್ಕದ್ದು. ಹಿಂಜುಗಳ ಸುತ್ತ ಪೆನ್ಸಿಲಿನಿಂದ ಗುರುತು ಹಾಕಿಕೊಂಡು, ಇಬ್ಬರು ಹಿಡಿದು ಬಾನೆಟ್ಟನ್ನು ಇಳಿಸತಕ್ಕದ್ದು. ಗುರುತಿಲ್ಲದಿದ್ದರೆ ಮತ್ತೆ ಕೂಡಿಸುವಾಗ ಸಂದು ಒಂದು ಕಡೆ ಅಗಲವಾಗಿಯೂ ಇನ್ನೊಂದು ಕಡೆ ಕಿರಿದಾಗಿಯೂ ಆಗುತ್ತದೆ. ಕಂಬಳಿ ಹಾಸಿದ ಮೇಜಿನ ಮೇಲೆ ಅದನ್ನು ಬೋರಲಾಗಿ ಇಡಬೇಕು.

ಎರಡನೆಯದಾಗಿ, ಉಜ್ಜುವುದಕ್ಕೆ ಮುಂಚೆ ಜಿಡ್ಡನ್ನು ತೆಗೆಯಬೇಕು. ಆತುರದವರು ಇದನ್ನು ಹಿಂದುಮುಂದು ಮಾಡುತ್ತಾರೆ. ಜಿಡ್ಡಿರುವಾಗಲೇ ಉಜ್ಜಿದರೆ ಎಣ್ಣೆಯು ಗೀರುಗಳೊಳಕ್ಕೆ ಇಳಿದು, ಮುಂದೆ ಹೊಡೆಯುವ ಬಣ್ಣವು ಅಲ್ಲಲ್ಲಿ ಹಿಡಿಯದೆ ಮೀನುಕಣ್ಣಿನಂತೆ ಗುಳಿ ಬೀಳುತ್ತದೆ. ಸೋಪಿನ ಬಿಸಿನೀರಿನಿಂದ ತೊಳೆದು ಒಣಗಿಸಿ, ಜಿಡ್ಡು ತೆಗೆಯುವ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಕೂಡಲೇ ಇನ್ನೊಂದು ಒಣಬಟ್ಟೆಯಿಂದ ಒರೆಸಬೇಕು.

ಮೂರನೆಯದು ತುಕ್ಕಿನ ನಿವಾರಣೆ. ಗಟ್ಟಿಯಾಗಿರುವ ಬಣ್ಣವನ್ನೆಲ್ಲ ಕೀಳಬೇಕಾಗಿಲ್ಲ. ಸಡಿಲವಾದದ್ದನ್ನು ಮಾತ್ರ ತಂತಿಯ ಬ್ರಷ್ಷಿನಿಂದಲೂ 80ನೆಯ ನಂಬರಿನ ಎಮರಿ ಕಾಗದದಿಂದಲೂ ತೆಗೆದು, 180, 320ನೆಯ ನಂಬರುಗಳಿಂದ ನಯಮಾಡಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಅದನ್ನು ಒಣದಾಗಿ ಉಜ್ಜದೆ ನೀರು ಹಾಕಿ ಉಜ್ಜುವುದು ಲೇಸು. ಮಕ್ಕಳನ್ನು ಹತ್ತಿರ ಬಿಡಕೂಡದು. ಉಜ್ಜಿದ ಕೆಸರನ್ನು ಹೂವಿನ ಪಾತಿಗೆ ಚೆಲ್ಲಕೂಡದು. ಸಂದಿನಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ದ್ರಾವಣವನ್ನು ಹಚ್ಚಿ, ಸೀಸೆಯ ಮೇಲೆ ಹೇಳಿದಂತೆ ತೊಳೆದು, ಚೆನ್ನಾಗಿ ಒಣಗಿಸಬೇಕು. ನಮ್ಮ ಗಾಡಿಯಲ್ಲಿ ತೂತುಬಿದ್ದ ಅಂಚನ್ನು ಅವನು ಕತ್ತರಿಸಿ, ಹೊಸ ತಗಡನ್ನು ಬೆಸೆದನು.

ಬರಿಯ ಕಬ್ಬಿಣವು ರಾತ್ರಿ ಕಳೆಯುವುದರೊಳಗೆ ಮತ್ತೆ ತುಕ್ಕು ಹಿಡಿಯಬಲ್ಲದು. ಆದುದರಿಂದ ಅದೇ ದಿವಸ, ಕೈ ಸೋಕಿಸದೆ, ಪ್ರೈಮರನ್ನು ಹೊಡೆಯತಕ್ಕದ್ದು. ಅದು ಒಣಗಿದ ಮೇಲೆ ಮೇಲ್ಬಣ್ಣವನ್ನು ಒಂದು ದಪ್ಪ ಕೈಯಲ್ಲಿ ಮುಗಿಸದೆ, ಆರೆಂಟು ಅಂಗುಲ ದೂರದಿಂದ ಮೂರು ತೆಳುವಾದ ಕೈಗಳಲ್ಲಿ, ನಡುವೆ ಆರಲು ಬಿಟ್ಟು ಹೊಡೆಯಬೇಕು. ಬಾನೆಟ್ಟಿನ ಮೇಲ್ಮೈಗೆ ಬಣ್ಣ ಸಿಡಿಯದಂತೆ ಅಂಚಿಗೆ ಕಾಗದವನ್ನು ಅಂಟಿಸಬೇಕು. ಮಳೆಯ ದಿವಸಗಳಲ್ಲಿ ಈ ಕೆಲಸವು ಸಲ್ಲದು. ಹಾರ್ಡ್‌ನರು ಬೆರೆಸುವ ಬಣ್ಣಗಳಲ್ಲಿ ಐಸೋಸಯನೇಟ್ ಎಂಬ ದ್ರವ್ಯವಿದ್ದು, ಅದರ ತುಂತುರು ಉಬ್ಬಸವನ್ನು ತರಬಲ್ಲದು. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಅಂತಹ ಬಣ್ಣವನ್ನು ತಕ್ಕ ಸಲಕರಣೆಯುಳ್ಳ ಕೆಲಸಗಾರನಿಗೇ ಬಿಡತಕ್ಕದ್ದು.

ಕೊನೆಯದಾಗಿ, ನೀರು ಹರಿದುಹೋಗಲೆಂದು ಇರುವ ಸಣ್ಣ ರಂಧ್ರಗಳನ್ನು ಬಣ್ಣವು ಮುಚ್ಚಿದ್ದರೆ ಬಿಡಿಸಿ, ಬಣ್ಣವು ಪೂರ್ಣವಾಗಿ ಗಟ್ಟಿಯಾದ ಮೇಲೆ ಮಡಿಕೆಗಳೊಳಕ್ಕೆ ತುಕ್ಕು ತಡೆಯುವ ಮೇಣವನ್ನು ಹೊಡೆಯಬೇಕು. ಶಬ್ದ ತಡೆಯುವ ಹಾಸು ಇದ್ದಲ್ಲಿ ಅದನ್ನು ಒಣಗಿಸದೆ ಹಿಂದಕ್ಕೆ ಅಂಟಿಸಕೂಡದು.

ಕೆಲಸವು ಮುಗಿದ ಭಾನುವಾರ, ಅಂದು ಜಗಲಿಯಲ್ಲಿದ್ದವರಲ್ಲಿ ಊರಿನಲ್ಲಿರುವ ಆರು ಮಂದಿಯನ್ನೂ, ಬೇರೆಡೆಗೆ ಹೋದ ಆ ಇಬ್ಬರನ್ನೂ ಕಾಫಿಗೆ ಕರೆದೆವು. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕತ್ತರಿಸಿ ತೆಗೆದ ತುಕ್ಕಿನ ತುಂಡನ್ನು ಅವರ ಕೈಗೆ ಕೊಟ್ಟು, "ಇವನು ಕೇಳಿದ್ದನು, ಬೇಡವೆಂದವರು ನಾವು. ಕಳ್ಳಾಟವು ನಮ್ಮದು" ಎಂದು ಹೇಳಿದೆವು. ಅರವತ್ತು ವರ್ಷದ ನಾಲಗೆಗೆ ಈ ಮಾತು ಸುಲಭವಾಗಿರಲಿಲ್ಲ. ಅವನು ತಲೆ ತಗ್ಗಿಸಿಕೊಂಡು, "ಬಿಡಿ ಮೇಷ್ಟ್ರೇ, ಕಾಫಿ ಆರುತ್ತದೆ" ಎಂದನು.

ಆ ಇಬ್ಬರಲ್ಲಿ ಒಬ್ಬರು ತಮ್ಮ ಗಾಡಿಯನ್ನು ಅವನಿಗೆ ಕೊಟ್ಟಿದ್ದಾರೆ. ಇನ್ನೊಬ್ಬರು ಆ ವೇಳೆಗೆ ಬೇರೆಯವರಿಂದ ಕೆಲಸ ಮಾಡಿಸಿಯಾಗಿತ್ತು. ಆ ನಷ್ಟವನ್ನು ನಾವು ತುಂಬಿಕೊಡಲಾರದೆ ಹೋದೆವು. ಈಗ ಪ್ರತಿ ಮಳೆಗಾಲವೂ ಕಳೆದ ಮೇಲೆ ಬಾನೆಟ್ಟನ್ನು ಎತ್ತಿ, ದೀಪ ಹಿಡಿದು ಅಂಚುಗಳನ್ನು ನೋಡಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ. ಹಳೆಯ ಗಾಡಿಯುಳ್ಳ ವಾಚಕರೂ ಹಾಗೆ ಮಾಡಲಿ; ಬೊಬ್ಬೆ ಕಂಡರೆ, ಕೆಲಸಗಾರನನ್ನು ದೂರುವ ಮುಂಚೆ ಒಳಮೈಯನ್ನು ಒಮ್ಮೆ ನೋಡಲಿ.