ಜಠರವಿಲ್ಲದ ತಾತನ ಊಟ

ಪಿರಿಯಾಪಟ್ಟಣದ ತಂಗಿಯ ಮನೆ, ಕೆ.ಆರ್. ನಗರದ ಬೀಗರ ಮನೆ, ಎಚ್.ಡಿ. ಕೋಟೆಯ ಮಗಳ ಮನೆ, ಎಲ್ಲಿಗೆ ಹೋದರೂ ನನಗೆ ಒಂದೇ ಮಾತು: "ಇದೇನು ಊಟ? ಇನ್ನೊಂದು ಮುದ್ದೆ ಹಾಕಿಸ್ಕೊಳ್ಳಿ!" ಹುಣಸೂರಿನ ಈ ತಾತನಿಗೆ ಜಠರವೇ ಇಲ್ಲ. ಕ್ಯಾನ್ಸರ್ ಬಂದಿದ್ದರಿಂದ ವೈದ್ಯರು ಪೂರ್ತಿ ತೆಗೆದಿದ್ದಾರೆ.

"ಹಾಗಾದ್ರೆ ಉಂಡಿದ್ದೆಲ್ಲ ಎಲ್ಲಿಗೆ ಹೋಗುತ್ತೆ ತಾತ?" ಎಂದು ಮೊಮ್ಮಗಳು ಕೇಳಿದಳು.

ಜಠರ ತೆಗೆಯುವುದು ಅರ್ಧ ಕೆಲಸ. ಅನ್ನಕ್ಕೆ ಹೊಸ ದಾರಿ ಮಾಡುವುದು ಇನ್ನರ್ಧ. ಸಣ್ಣ ಕರುಳನ್ನು ಮೇಲ್ಭಾಗದಲ್ಲಿ ಕತ್ತರಿಸಿ, ಕೆಳಗಿನ ತುಂಡಿನ ತುದಿಯನ್ನು ಮೇಲಕ್ಕೆ ತಂದು ಅನ್ನನಾಳಕ್ಕೆ ಸೇರಿಸುತ್ತಾರೆ. ಇನ್ನೊಂದು ತುಂಡಿನಲ್ಲಿ ಪಿತ್ತರಸ ಹರಿದು ಬರುತ್ತದೆ. ಅದನ್ನು ಸುಮಾರು 40ರಿಂದ 60 ಸೆಂ.ಮೀ. ಕೆಳಗೆ, ಲಕ್ಷ್ಮಣತೀರ್ಥಕ್ಕೆ ಹಳ್ಳ ಬಂದು ಸೇರುವ ಹಾಗೆ, ಪಕ್ಕದಿಂದ ಕೂಡಿಸುತ್ತಾರೆ. ಹತ್ತಿರದಲ್ಲೇ ಕೂಡಿಸಿದರೆ ಪಿತ್ತ ಮೇಲೇರಿ ಎದೆ ಉರಿಸುತ್ತದೆ. ಸ್ವಿಟ್ಜರ್ಲೆಂಡಿನ ಸರ್ಜನ್ ಸೆಸಾರ್ ರೂ ಅವರ ಹೆಸರು ಹೊತ್ತ ಈ ಜೋಡಣೆ ಇಂಗ್ಲಿಷಿನ 'ವೈ' ಅಕ್ಷರದಂತೆ ಕಾಣುತ್ತದೆ. ಅದಕ್ಕೇ 'ರೂ-ಎನ್-ವೈ' ಎನ್ನುತ್ತಾರೆ.

1897ರಲ್ಲಿ ಜ್ಯೂರಿಕ್‌ನಲ್ಲಿ ಕಾರ್ಲ್ ಶ್ಲಾಟರ್ ಎಂಬ ಸರ್ಜನ್ ಪೂರ್ತಿ ಜಠರ ತೆಗೆದು ರೋಗಿಯನ್ನು ಉಳಿಸಿದಾಗ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯಬೇಕಿತ್ತು. ನನಗೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣ ತೂರಿಸಿ ಮಾಡಿದರು. ಹೊಲಿಯುವುದು ಸ್ಟೇಪ್ಲರ್. ದುಂಡನೆಯದು ನಾಳಗಳನ್ನು ಉಂಗುರದಂತೆ ಕೂಡಿಸುತ್ತದೆ. ಉದ್ದನೆಯದು ಪಕ್ಕಪಕ್ಕ ಇಟ್ಟು ಬೆಸೆಯುತ್ತದೆ. ಹೊರಗಿನ ಗಾಯ ಚಿಕ್ಕದು, ಒಳಗಿನ ಕೆಲಸ ದೊಡ್ಡದು. ಆ ಬೆಸುಗೆ ಸೋರಿದರೆ ಜೀವಕ್ಕೇ ಅಪಾಯ.

ಹೊಸ ದಾರಿಯೇನೋ ಆಯಿತು, ಆದರೆ ಕಣಜವಿಲ್ಲ. ಹಾಗಾಗಿ ದಿನಕ್ಕೆ ಆರು ಸಲ ಸ್ವಲ್ಪಸ್ವಲ್ಪ ತಿನ್ನುತ್ತೇನೆ. ಮುದ್ದೆ ನುಂಗುವ ಸೀಮೆಯವನು ಈಗ ಎಲ್ಲವನ್ನೂ ಅಗಿದು ತಿನ್ನುತ್ತೇನೆ! ಪಾಯಸ ಸುರಿದುಕೊಂಡರೆ ಸಕ್ಕರೆ ಒಮ್ಮೆಲೇ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು. ಬಿ12 ಜೀವಸತ್ವ ಹೀರಲು ಬೇಕಾದ ವಸ್ತು ಜಠರದಲ್ಲೇ ತಯಾರಾಗುತ್ತದೆ. ಅದಿಲ್ಲದ ಮೇಲೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು. ಚೆನ್ನಾಗಿದ್ದೇನೆಂದು ನಿಲ್ಲಿಸಿದರೆ ಕೆಲವು ವರ್ಷಗಳಲ್ಲಿ ರಕ್ತಹೀನತೆ, ನರಗಳ ತೊಂದರೆ ಬರುತ್ತದೆ.

ಅಜ್ಜ-ಅಜ್ಜಿಯರೇ, ಹಸಿವು ಸತ್ತು ತೂಕ ಇಳಿದರೆ, ಮಲ ಡಾಂಬರಿನಂತೆ ಕಪ್ಪಾದರೆ, 'ಗ್ಯಾಸ್ಟ್ರಿಕ್' ಎಂದು ಮಾತ್ರೆ ನುಂಗಿ ಕೂರಬೇಡಿ, ವೈದ್ಯರಿಗೆ ತೋರಿಸಿ. ನಮ್ಮದು ಹೊಗೆಸೊಪ್ಪಿನ ಸೀಮೆ. ಬೀಡಿ-ಸಿಗರೇಟಿನ ಹೊಗೆ ಜಠರದ ಕ್ಯಾನ್ಸರಿಗೂ ದಾರಿ ಮಾಡುತ್ತದೆ.

ಮಕ್ಕಳೇ, ನಿಮ್ಮಲ್ಲೂ ಇಂಥ ತಾತ ಇದ್ದರೆ ಎರಡು ಗಂಟೆಗೊಮ್ಮೆ ಅರ್ಧ ಇಡ್ಲಿಯೋ ಬೇಯಿಸಿದ ಮೊಟ್ಟೆಯೋ ತಂದುಕೊಡಿ. ಇಂಜೆಕ್ಷನ್ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಡಿ. ನಮ್ಮ ಮನೆಯಲ್ಲಿ ಆ ಕೆಲಸ ಮೊಮ್ಮಗಳದು.