ದೂರದ ಪ್ರಯಾಣಕ್ಕೆ ಸ್ವಂತ ಕಾರೋ, ಬಾಡಿಗೆ ಗಾಡಿಯೋ?



ರಾಗಿ ಕಣ ಮುಗೀತು. ಕೊಬ್ಬರಿ ಮಾರಿದವರ ಕೈಲಿ ನಾಕು ಕಾಸು ಓಡಾಡ್ತಿದೆ. ಇನ್ನು ತಿರುಪತಿ, ಧರ್ಮಸ್ಥಳ, ಮಂತ್ರಾಲಯ ಅಂತ ಹೊರಡೋ ಕಾಲ. ಈಗ ನಮ್ಮ ತಿಪಟೂರು ಕಡೆ ಹಳ್ಳಿಗಳಲ್ಲೂ ಸುಮಾರು ಮನೆ ಮುಂದೆ ಕಾರು ನಿಂತಿದೆ. ಅದಕ್ಕೇ "ಮನೇಲೇ ಗಾಡಿ ಇರೋವಾಗ ಬಾಡಿಗೆ ಯಾಕೆ ದಂಡ" ಅನ್ನೋ ಮಾತು ಎಲ್ಲರ ಬಾಯಲ್ಲೂ. ನನ್ನ ಅಭಿಪ್ರಾಯ ಬೇರೆ. ಬೆಳಗ್ಗೆ ಹೋಗಿ ಸಂಜೆ ಬರೋ ದೂರಕ್ಕೆ ಸ್ವಂತ ಕಾರೇ ಸರಿ. ಆದರೆ ರಾತ್ರಿಯೆಲ್ಲ ಓಡಿಸಬೇಕಾದ ದೂರಕ್ಕೆ ಸ್ಟೇರಿಂಗ್ ಹಿಡಿಯೋರು ನಾವಾಗಬಾರದು.

ಮೊದಲು ದುಡ್ಡಿನ ಲೆಕ್ಕ ನೋಡೋಣ. ತಿಪಟೂರಿಂದ ಬೆಂಗಳೂರು, ಕೋಲಾರ, ಮುಳಬಾಗಿಲು, ಚಿತ್ತೂರು ಮೇಲೆ ತಿರುಪತಿಗೆ ಸುಮಾರು 400 ಕಿ.ಮೀ. ಹೋಗಿ ಬಂದು, ಅಲ್ಲಿ ಓಡಾಡಿದ್ದೂ ಸೇರಿ 850 ಅಂತ ಇಟ್ಕೊಳ್ಳಿ. ನಾಲ್ಕು ಜನ, ಎರಡು ದಿನ.

ಸ್ವಂತ ಕಾರು ಲೀಟರಿಗೆ 17 ಕೊಟ್ಟರೆ 50 ಲೀಟರ್ ಪೆಟ್ರೋಲ್. ಲೀಟರಿಗೆ 103ರಂತೆ 5,150 ರೂಪಾಯಿ. ಟೈರ್ ಸವೆತ, ಆಯಿಲ್, ಸರ್ವೀಸ್ ಅಂತ ಕಿ.ಮೀ.ಗೆ ಒಂದು ರೂಪಾಯಿ ಚಿಲ್ಲರೆ ಹಾಕಿದರೆ ಒಟ್ಟು 6,100.

ಬಾಡಿಗೆ ಗಾಡಿ ಕಿ.ಮೀ.ಗೆ 14ರಂತೆ 11,900. ಡ್ರೈವರ್ ಬಾಟಾ ದಿನಕ್ಕೆ 600ರಂತೆ 1,200. ಒಟ್ಟು 13,100.

ಟೋಲು ಎರಡಕ್ಕೂ ಇದೆ, ಅದನ್ನ ಬಿಟ್ಟಿದ್ದೀನಿ. ನಿಮ್ಮ ಕಡೆ ರೇಟು ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ವ್ಯತ್ಯಾಸ 7,000, ತಲೆಗೆ 1,750. ಕಮ್ಮಿ ದುಡ್ಡು ಅಂತ ನಾನು ಹೇಳಲ್ಲ. ಆದರೆ ಆ ದುಡ್ಡು ಯಾತಕ್ಕೆ ಕೊಡ್ತಿದ್ದೀವಿ ಅನ್ನೋದು ಮುಖ್ಯ.

ನಮ್ಮ ದಿನ ಹೆಂಗಿರುತ್ತೆ ನೋಡಿ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೀತೀವಿ, ಹಗಲೆಲ್ಲ ತೋಟ, ಸಂಜೆ ಮತ್ತೆ ಡೈರಿಗೆ ಹಾಲು. ದನ ಕಟ್ಟಿ, ಪಕ್ಕದ ಮನೆಯವರಿಗೆ ಮೇವು ಹಾಕೋಕೆ ಹೇಳಿ, ಉಂಡು ಹೊರಡೋದು ರಾತ್ರಿ ಎಂಟಕ್ಕೆ. ಮುಳಬಾಗಿಲು ದಾಟೋ ಹೊತ್ತಿಗೆ ರಾತ್ರಿ ಒಂದು ಗಂಟೆ. ಅಂದ್ರೆ ಓಡಿಸ್ತಿರೋನು ಎದ್ದು 20 ಗಂಟೆ ಮೇಲಾಗಿದೆ. ಹಿಂದಿನ ಸೀಟಲ್ಲಿ ಹೆಂಡತಿ ಮಕ್ಕಳು ನಿದ್ದೆ ಹೋಗಿರ್ತಾರೆ, ಮಾತಾಡಿಸೋಕೂ ಯಾರೂ ಇಲ್ಲ. ಎದುರಿಗೆ ಲಾರಿ ಲೈಟು. ವಾಪಸ್ ಬರೋವಾಗ ಇನ್ನೂ ಕಷ್ಟ. ದರ್ಶನದ ಸಾಲಲ್ಲಿ ನಿಂತು ಸುಸ್ತಾದೋನು "ನಾಳೆ ಬೆಳಗ್ಗೆ ಹಾಲು ಕರೀಬೇಕು" ಅಂತ ಅದೇ ರಾತ್ರಿ ಹೊರಟುಬಿಡ್ತಾನೆ.

2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಸಾರಿಗೆ ಕೆಲಸದ ಡ್ರೈವರ್‌ಗಳಿಗೆ ದಿನಕ್ಕೆ 8 ಗಂಟೆ ಅಂತ ಮಿತಿ ಹಾಕಿತ್ತು. 5 ಗಂಟೆ ಕೆಲಸ ಆದರೆ ಅರ್ಧ ಗಂಟೆ ವಿರಾಮ ಕೊಡಲೇಬೇಕಿತ್ತು. ದಿನಾ ಅದೇ ಕೆಲಸ ಮಾಡೋರಿಗೇ ಇಷ್ಟು ಮಿತಿ ಇರೋವಾಗ, ಹಗಲೆಲ್ಲ ಗೇದು ರಾತ್ರಿ ಕಾರು ಹತ್ತೋ ನಮಗೆ ಲೆಕ್ಕ ಇಡೋರು ಯಾರು? ಉಳುಮೆಗೆ ಟ್ರ್ಯಾಕ್ಟರ್ ಕರೆಸಿದರೆ ಡ್ರೈವರ್ ಸಮೇತ ಕರೆಸ್ತೀವಿ, ಅದು ದಂಡ ಅನ್ನಿಸಲ್ಲ. ಇದೂ ಹಂಗೇ.

ಇನ್ನೊಂದು ವಿಷಯ, ಇದನ್ನ ಗಮನವಿಟ್ಟು ಓದಿ. ಬಾಡಿಗೆ ಉಳಿಸೋಕೆ ಅಂತ ಊರಲ್ಲೇ ಪರಿಚಯದವರ ಬಿಳಿ ಬೋರ್ಡ್ ಕಾರನ್ನ "ಡೀಸೆಲ್ ಹಾಕಿ ಮೇಲೆ ಇಷ್ಟು ಕೊಡ್ತೀವಿ" ಅಂತ ತಗೊಂಡು ಹೋಗೋದು ನಡೀತಿದೆ. ಮೂರರಲ್ಲಿ ಇದೇ ಕೆಟ್ಟ ದಾರಿ. ಸ್ವಂತ ಬಳಕೆ ಕಾರಿನ ಇನ್ಶೂರೆನ್ಸ್ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು ಅನ್ನೋ ಷರತ್ತು ಅಚ್ಚಾಗಿರುತ್ತೆ. ಏನಾದರೂ ಆದರೆ ಕಂಪನಿಯೋರು ಮೊದಲು ತೋರಿಸೋದೇ ಆ ಸಾಲನ್ನ. ಕಾರು ಕೊಟ್ಟೋರೂ ಮುಳುಗ್ತಾರೆ, ಕೂತೋರೂ ಮುಳುಗ್ತಾರೆ. ಕೊನೆಗೆ ಪರಿಹಾರ ಕಟ್ಟೋಕೆ ಪಹಣಿ ಮೇಲೆ ಬರುತ್ತೆ.

ಸ್ವಂತ ಕಾರಲ್ಲೇ ಹೋಗೋರೂ ಪಾಲಿಸಿ ತೆಗೆದು ನೋಡಿ. ಹಳೇ ಕಾರು ಅಂತ ಬರೀ ಥರ್ಡ್ ಪಾರ್ಟಿ ಕಟ್ಟಿದ್ದರೆ ಅದು ಎದುರಿನವರಿಗೆ. ನಿಮ್ಮ ಕಾರಲ್ಲಿ ಕೂತ ಅತ್ತೆ, ಅಕ್ಕ, ಭಾವನಿಗೆ ಅದರಲ್ಲಿ ರಕ್ಷಣೆ ಇಲ್ಲ. ಪ್ಯಾಕೇಜ್ ಪಾಲಿಸಿ ಇದ್ದರೆ ಅವರಿಗೂ ಸೇರುತ್ತೆ. ಹಳದಿ ಬೋರ್ಡ್ ಟ್ಯಾಕ್ಸಿಯಲ್ಲಿ ಪ್ರಯಾಣಿಕರಿಗೆ ರಕ್ಷಣೆ ಕಾನೂನು ಪ್ರಕಾರ ಇರಲೇಬೇಕು.

ಬಾಡಿಗೆ ಮಾತಾಡೋವಾಗ ಇಷ್ಟು ಕೇಳಿ:

1. ಕಿ.ಮೀ. ಲೆಕ್ಕ ನಮ್ಮ ಮನೆಯಿಂದಲೋ, ಅವರ ಶೆಡ್ಡಿಂದಲೋ?

2. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ.? ಸಾಮಾನ್ಯವಾಗಿ 300 ಅಂತಾರೆ. ಮೂರು ದಿನ ಆದರೆ ಓಡಲಿ ಬಿಡಲಿ 900ಕ್ಕೆ ದುಡ್ಡು.

3. ಬೇರೆ ರಾಜ್ಯಕ್ಕೆ ಪರ್ಮಿಟ್ ಇದೆಯೋ, ಗಡೀಲಿ ಕಟ್ಟೋ ತೆರಿಗೆ ಯಾರದ್ದು?

4. ಡ್ರೈವರ್ ಹಿಂದಿನ ರಾತ್ರಿ ಎಲ್ಲಿ ಓಡಿಸಿದ್ದ? ಬೇರೆ ಟ್ರಿಪ್ ಮುಗಿಸಿ ನೇರ ಬಂದಿದ್ದರೆ ಬೇರೆ ಡ್ರೈವರ್ ಕೇಳಿ. ಅಲ್ಲಿ ಅವನಿಗೂ ಮಲಗೋಕೆ ಜಾಗ ಮಾಡಿಕೊಡಿ. ಅವನ ನಿದ್ದೆಗೇ ನಾವು ದುಡ್ಡು ಕೊಡ್ತಿರೋದು.

ದುಡ್ಡಿನ ಬಿಗಿ ಇದ್ದರೆ ನಡುವಿನ ದಾರಿ ಒಂದಿದೆ. ಕಾರು ನಮ್ಮದೇ, ಡ್ರೈವರ್ ಮಾತ್ರ ದಿನಗೂಲಿಗೆ. ದಿನಕ್ಕೆ 1,200 ಅಂದ್ರೂ ಎರಡು ದಿನಕ್ಕೆ 2,400. ಮೇಲಿನ ಲೆಕ್ಕದಲ್ಲಿ ಒಟ್ಟು 8,500, ಅವನ ಊಟ ಬೇರೆ. ಲೈಸೆನ್ಸ್ ಮಾತ್ರ ಕಣ್ಣಾರೆ ನೋಡಿ ತಗೊಳ್ಳಿ.

ಸ್ವಂತ ಕಾರು ಓಡಿಸಲೇಬೇಡಿ ಅಂತಲ್ಲ. ಬೀಗರ ಊರಲ್ಲಿ ಮೂರು ದಿನ ಮದುವೆ ಇದ್ದು ಓಡಾಟ ಕಮ್ಮಿ ಇದ್ದರೆ, ಸುಮ್ಮನೆ ನಿಂತ ಟ್ಯಾಕ್ಸಿಗೆ ದಿನಕ್ಕೆ 300 ಕಿ.ಮೀ. ಕೊಡೋದು ದಡ್ಡತನ. ರಾಷ್ಟ್ರೀಯ ಹೆದ್ದಾರೀಲಿ ಆಗಾಗ ಓಡಾಡೋರಿಗೆ 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ. ಶುರುವಾದಾಗ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ಸ್ವಂತ ಬಳಕೆ ಗಾಡಿಗೆ ಮಾತ್ರ, ಟ್ಯಾಕ್ಸಿಗೆ ಇಲ್ಲ. ಹಂಗೇನಾದ್ರೂ ನೀವೇ ಓಡಿಸಿ ದೂರ ಹೋಗೋದಾದರೆ, ಬೆಳಗಿನ ಹಾಲು ಹಾಕಿ ಹಗಲಲ್ಲೇ ಹೊರಡಿ, ರಾತ್ರಿ ಎಲ್ಲಾದರೂ ರೂಮ್ ಮಾಡಿ. ಒಂದು ಹೊತ್ತಿನ ಹಾಲು ಹೋದರೆ ಹೋಯ್ತು, ಮನೆಯವರು ಸುಖವಾಗಿ ಬಂದರೆ ಸಾಕು.

ನಿಮ್ಮ ಕಡೆ ಕಿ.ಮೀ.ಗೆ ಎಷ್ಟು, ಬಾಟಾ ಎಷ್ಟು ನಡೀತಿದೆ ಬರೀರಿ. ಹೊರಡೋರಿಗೆ ಉಪಯೋಗ ಆಗುತ್ತೆ.