ಮನಸ್ಸಿನ ಗಾಯಕ್ಕೆ ತಾಯಿತ ಮದ್ದಲ್ಲ

ಬೆಂಗಳೂರಿನ ಹೊಸ ತಿಪ್ಪಸಂದ್ರವಿರಲಿ, ಶಿವಾಜಿನಗರವಿರಲಿ, ಜ್ವರ ಬಂದ ಮಗುವನ್ನು ವೈದ್ಯರ ಬಳಿಗೆ ಒಯ್ಯಲು ನಾವು ನಾಚುವುದಿಲ್ಲ. ಅದೇ ಮಗು ಮಾತು ಬಿಟ್ಟರೆ, ರಾತ್ರಿ ಬೆಚ್ಚಿ ಎದ್ದರೆ ಮೊದಲು ನೆನಪಾಗುವುದು ತಾಯಿತ, ಆನಂತರ ಬೆತ್ತ. ಮನೋಚಿಕಿತ್ಸೆಯ ಮಾತೆತ್ತಿದರೆ, 'ನಮ್ಮ ಮಗುವಿಗೇನು ಹುಚ್ಚೇ?' ಎಂಬ ಪ್ರಶ್ನೆ! ಈ ಅಜ್ಞಾನಕ್ಕೆ ಧರ್ಮದ ಹೊದಿಕೆ ಹೊದಿಸುವುದನ್ನು ನಾವು ಇನ್ನಾದರೂ ನಿಲ್ಲಿಸಬೇಕು.

ಇದರ ಬೆಲೆ ಎಷ್ಟು ಭೀಕರವೆಂಬುದನ್ನು ತಮಿಳುನಾಡಿನ ಏರ್ವಾಡಿ ತೋರಿಸಿಕೊಟ್ಟಿದೆ. ದರ್ಗಾದ ಪರಿಸರದಲ್ಲಿ ಗುಣವಾದೀತೆಂದು ಬಂಧುಗಳು ಬಿಟ್ಟುಹೋಗಿದ್ದ ಮನೋರೋಗಿಗಳ ಪೈಕಿ 28 ಮಂದಿ, 2001ರ ಆಗಸ್ಟ್ 6ರಂದು ಅಲ್ಲಿನ ಖಾಸಗಿ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಪ್ರಾಣ ಕಳೆದುಕೊಂಡರು. ಅವರನ್ನು ಸರಪಳಿಯಲ್ಲಿ ಬಿಗಿಯಲಾಗಿತ್ತು.

ಮನೋಚಿಕಿತ್ಸೆ ಪಾಶ್ಚಾತ್ಯರಿಂದ ಬಂದ ಪಿಡುಗೆನ್ನುವವರು ನಮ್ಮದೇ ಇತಿಹಾಸವನ್ನು ಓದಲಿ. ಒಂಬತ್ತು-ಹತ್ತನೆಯ ಶತಮಾನದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿ, ಭಯ, ದುಃಖ, ಕೋಪ, ಗೀಳುಗಳನ್ನು ಬೇರೆಬೇರೆಯಾಗಿ ವಿವರಿಸಿದ್ದರು.

ದಾಂಪತ್ಯದಲ್ಲಿ ಬಿರುಕು ಮೂಡಿದರೆ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಕುರ್‌ಆನ್ ಆದೇಶಿಸುತ್ತದೆ. ನಮ್ಮಲ್ಲಿ ನಡೆಯುವುದೇನು? ಮಧ್ಯಸ್ಥರು ತಂತಮ್ಮ ಕಡೆಯ ವಕೀಲರಾಗುತ್ತಾರೆ. ತರಬೇತಿ ಪಡೆದ ಆಪ್ತಸಮಾಲೋಚಕರು ಪಕ್ಷ ವಹಿಸದೆ ಒಬ್ಬರ ನೋವು ಇನ್ನೊಬ್ಬರಿಗೆ ಕೇಳಿಸುವಂತೆ ಮಾಡುತ್ತಾರೆ. ಆದರೆ ಹೊಡೆತ ಬಡಿತವಿರುವಲ್ಲಿ 'ಸಹಿಸಿಕೋ' ಎಂದು ಹೆಣ್ಣಿಗೆ ಉಪದೇಶಿಸುವುದು ಸಮಾಲೋಚನೆಯಲ್ಲ; ಅಲ್ಲಿ ಆಕೆಯ ರಕ್ಷಣೆಯೇ ಮೊದಲು.

2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಹಿಂಸೆ, ಗೋಲಿಬಾರು ನಡೆದವು. ಜಾಮೀನು, ವಕೀಲರ ಕುರಿತು ಚಿಂತಿಸಬೇಕಾದುದು ಸರಿಯೇ. ಆದರೆ ಆ ಬೆಂಕಿಯನ್ನು ಕಂಡ, ಗುಂಡಿನ ಸದ್ದು ಕೇಳಿದ ಮಕ್ಕಳ ಮನಸ್ಸಿನ ಬಗ್ಗೆ ನಮ್ಮ ಎಷ್ಟು ಸಭೆಗಳು ಚರ್ಚಿಸಿದವು? 'ಮರೆತುಬಿಡು' ಎಂದ ಮಾತ್ರಕ್ಕೆ ಆಘಾತ ಮಾಯುವುದಿಲ್ಲ. ಆ ನೆನಪನ್ನು ಸುರಕ್ಷಿತವಾಗಿ, ಹಂತಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಶಿಫಾರಸು ಮಾಡಿದೆ. ಮಾತಿನಲ್ಲಿ ಹೇಳಲಾರದ ಪುಟ್ಟ ಮಕ್ಕಳು ಆಟದಲ್ಲಿ, ಚಿತ್ರದಲ್ಲಿ ಹೇಳಿಕೊಳ್ಳುತ್ತಾರೆ.

ದೇಶದಲ್ಲಿ ಮಾನಸಿಕ ಸಮಸ್ಯೆಗಳಿರುವವರ ಪೈಕಿ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲವೆಂದು ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು. ಆ ನಿಮ್ಹಾನ್ಸ್ ಇರುವುದು ನಮ್ಮದೇ ನಗರದಲ್ಲಿ. 2022ರಲ್ಲಿ ಆರಂಭವಾದ ಸರಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ (14416) ಕನ್ನಡದಲ್ಲೂ ಮಾತನಾಡುತ್ತದೆ.

ಸಭಾಂಗಣಗಳಿಗೆ ಲಕ್ಷಗಳನ್ನು ಹೊಂದಿಸುವ ಜಮಾಅತ್ ಸಮಿತಿಗಳು ವಾರಕ್ಕೊಮ್ಮೆ ಒಬ್ಬ ಸಮಾಲೋಚಕರನ್ನು ಕರೆಸಲಾರವೇ? ಪ್ರಾರ್ಥನೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಸಕ್ಕರೆ ಕಾಯಿಲೆಗೆ ಪ್ರಾರ್ಥಿಸುತ್ತಲೇ ಮಾತ್ರೆಯನ್ನೂ ನುಂಗುವ ನಾವು, ಮನಸ್ಸಿನ ಕಾಯಿಲೆಗೆ ಮಾತ್ರ ಬೇರೆ ನ್ಯಾಯ ಮಾಡುವುದೇಕೆ?